ಸಾಕು ಇಲಿ

ಸಾಕು ಇಲಿಯು ಕಂದು ಇಲಿ ಎಂಬ ದಂಶಕ ಪ್ರಾಣಿಯ ಪಳಗಿಸಿದ ರೂಪ. ಇದರ ವೈಜ್ಞಾನಿಕ ಹೆಸರು ರ‍್ಯಾಟಸ್ ನಾರ್ವೆಜಿಕಸ್. ಇಂಗ್ಲಿಷಿನಲ್ಲಿ ಇದನ್ನು ಫ್ಯಾನ್ಸಿ ರ‍್ಯಾಟ್ ಎಂದು ಕರೆಯುವರು. ಪ್ರಯೋಗಾಲಯಗಳಲ್ಲಿ ಬಳಸುವ ಬಿಳಿ ಇಲಿಯೂ ಮನೆಯಲ್ಲಿ ಸಾಕುವ ಬಣ್ಣಬಣ್ಣದ ಇಲಿಯೂ ಇದೇ ಪ್ರಭೇದಕ್ಕೆ ಸೇರಿವೆ. ಅನೇಕ ತಲೆಮಾರುಗಳ ಆಯ್ದ ತಳಿವರ್ಧನೆಯಿಂದಾಗಿ ಸಾಕು ಇಲಿಯು ಕಾಡು ಇಲಿಗಿಂತ ಶಾಂತ ಸ್ವಭಾವವನ್ನು ಪಡೆದಿದೆ; ಮನುಷ್ಯನ ಕೈಗೆ ಅಂಜುವುದಿಲ್ಲ, ಸಾಮಾನ್ಯವಾಗಿ ಕಚ್ಚುವುದಿಲ್ಲ. ಇದು ಗುಂಪಿನಲ್ಲಿ ಬಾಳುವ, ಚುರುಕು ಬುದ್ಧಿಯ ಪ್ರಾಣಿ. ಆಯುಷ್ಯ ಮಾತ್ರ ಬಹಳ ಕಡಮೆ, ಸಾಮಾನ್ಯವಾಗಿ 2ರಿಂದ 3 ವರ್ಷ.

ಹೆಸರು ಮತ್ತು ಪ್ರಭೇದ

ಕನ್ನಡದ ‘ಇಲಿ’ ಎಂಬ ಪದದ ವ್ಯಾಪ್ತಿ ದೊಡ್ಡದು. ಹಳ್ಳಿಯ ಮನೆಗಳ ಅಟ್ಟದಲ್ಲಿ ಓಡಾಡುವ ಉದ್ದ ಬಾಲದ ಇಲಿ ಬಹುಮಟ್ಟಿಗೆ ಕಪ್ಪು ಇಲಿ ಎನಿಸಿಕೊಳ್ಳುವ ರ‍್ಯಾಟಸ್ ರ‍್ಯಾಟಸ್ ಪ್ರಭೇದದ್ದು. ಚಿಟ್ಟಿಲಿ ಅದಕ್ಕಿಂತ ಬಹಳ ಚಿಕ್ಕದಾದ ಬೇರೊಂದು ಕುಲದ ಪ್ರಾಣಿ. ಗದ್ದೆಯ ಬದುಗಳಲ್ಲಿಯೂ ಚರಂಡಿಗಳಲ್ಲಿಯೂ ಬಿಲ ತೋಡುವ ಹೆಗ್ಗಣ ಮತ್ತೊಂದು. ಮೂಗಿಲಿಯಂತೂ ದಂಶಕವೇ ಅಲ್ಲ, ಅದು ಕೀಟಗಳನ್ನು ತಿನ್ನುವ ಬೇರೆ ವರ್ಗಕ್ಕೆ ಸೇರಿದೆ. ಸಾಕು ಇಲಿಯು ಇವು ಯಾವುವೂ ಅಲ್ಲವೆಂಬುದನ್ನು ಮೊದಲು ತಿಳಿಯುವುದು ಅಗತ್ಯ. ಅಟ್ಟದಲ್ಲಿ ಸಿಕ್ಕ ಇಲಿಮರಿಯನ್ನು ಹಾಲೆರೆದು ಬೆಳೆಸಿದರೆ ಅದು ಸಾಕು ಇಲಿಯಾಗುವುದಿಲ್ಲ. ಪಳಗುವಿಕೆ ಒಂದು ಪ್ರಾಣಿಯ ಬಾಳಿನಲ್ಲಿ ನಡೆಯುವ ಕ್ರಿಯೆಯಲ್ಲ, ವಂಶದಲ್ಲಿ ನಡೆಯುವ ಕ್ರಿಯೆ.

ನಾರ್ವೆಜಿಕಸ್ ಎಂಬ ಹೆಸರು ಒಂದು ತಪ್ಪು ತಿಳಿವಳಿಕೆಯ ಫಲ. 1769ರಲ್ಲಿ ಜಾನ್ ಬರ್ಕನ್‌ಹೌಟ್ ಎಂಬ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಈ ಹೆಸರನ್ನು ಕೊಟ್ಟ. ಇಲಿಗಳು ನಾರ್ವೆಯ ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂದವೆಂಬ ನಂಬಿಕೆ ಆಗ ಇತ್ತು. ಈ ಪ್ರಭೇದದ ಮೂಲ ನೆಲೆ ಉತ್ತರ ಚೀನ ಮತ್ತು ಮಂಗೋಲಿಯದ ಕಡೆಯ ಬಯಲುಗಳೆಂದು ಇಂದಿನ ವಿದ್ವಾಂಸರ ಅಭಿಪ್ರಾಯ.

ಇತಿಹಾಸ

ಇಲಿಯನ್ನು ವಿನೋದಕ್ಕಾಗಿ ಸಾಕಿದ ಹಳೆಯ ದಾಖಲೆಗಳು ಜಪಾನಿನಲ್ಲಿ ದೊರೆಯುತ್ತವೆ. ಎಡೊ ಕಾಲದಲ್ಲಿ, 1775ರಲ್ಲಿ, ಒಸಾಕದಲ್ಲಿ ‘ಯೋಸೊ ತಮಾ ನೊ ಕಾಕೆಹಾಶಿ’ ಎಂಬ ಇಲಿ ಸಾಕಣೆಯ ಕೈಪಿಡಿ ಪ್ರಕಟವಾಯಿತು. ಜಪಾನೀ ಭಾಷೆಯ ‘ನೆಜುಮಿ’ ಎಂಬ ಪದವೂ ನಮ್ಮ ‘ಇಲಿ’ಯಂತೆ ದೊಡ್ಡದಕ್ಕೂ ಚಿಕ್ಕದಕ್ಕೂ ಸಲ್ಲುತ್ತದೆ.

ಇಂದಿನ ಸಾಕು ಇಲಿಯ ಕಥೆ ಮುಖ್ಯವಾಗಿ 19ನೆಯ ಶತಮಾನದ ಇಂಗ್ಲೆಂಡಿನದು, ಮತ್ತು ಅದು ಕ್ರೌರ್ಯದಿಂದ ಆರಂಭವಾಗುತ್ತದೆ. ಲಂಡನ್ನಿನ ಪಾನಗೃಹಗಳಲ್ಲಿ ಒಂದು ಕುಣಿಯೊಳಗೆ ಹತ್ತಾರು ಇಲಿಗಳನ್ನು ಬಿಟ್ಟು, ನಾಯಿಯೊಂದು ಅವನ್ನು ಎಷ್ಟು ಬೇಗ ಕೊಲ್ಲುವುದೆಂದು ಪಣ ಕಟ್ಟುವ ಆಟ ಜನಪ್ರಿಯವಾಗಿತ್ತು. ಅದಕ್ಕೆ ಬೇಕಾದ ಇಲಿಗಳನ್ನು ಹಿಡಿದು ಕೊಡುವುದೇ ಕೆಲವರ ಕಸುಬು. ಹಿಡಿದವುಗಳಲ್ಲಿ ಅಪರೂಪಕ್ಕೆ ಬಿಳಿಯ, ಕಪ್ಪು, ಮಚ್ಚೆಯ ಇಲಿಗಳು ಕಂಡಾಗ ಅವನ್ನು ಕುಣಿಗೆ ಹಾಕದೆ ಉಳಿಸಿಕೊಂಡು ಸಾಕತೊಡಗಿದರು. ರಾಣಿ ವಿಕ್ಟೋರಿಯಾಳ ಇಲಿ ಹಿಡಿಯುವವನೆಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ಎಂಬವನು ಹೀಗೆ ಬಗೆಬಗೆಯ ಬಣ್ಣದ ಇಲಿಗಳನ್ನು ಬೆಳೆಸಿ ಮಾರುತ್ತಿದ್ದ. ಹೆನ್ರಿ ಮೇಹ್ಯೂ ಲಂಡನ್ನಿನ ಬಡಜನರ ಬದುಕನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಇವನ ವಿವರವಿದೆ.

ಇಲಿ ಸಾಕಣೆಗೆ ಸಭ್ಯ ಸಮಾಜದಲ್ಲಿ ಸ್ಥಾನ ದೊರಕಿಸಿದ ಕೀರ್ತಿ ಮೇರಿ ಡಗ್ಲಸ್ ಎಂಬ ಮಹಿಳೆಗೆ ಸಲ್ಲುತ್ತದೆ. ಆಗ ಇಂಗ್ಲೆಂಡಿನಲ್ಲಿ ಚಿಟ್ಟಿಲಿ ಸಾಕುವವರ ಸಂಘವಿತ್ತು, ಇಲಿ ಸಾಕುವವರದು ಇರಲಿಲ್ಲ. ಆಕೆ ಆ ಸಂಘದ ಮನವೊಲಿಸಿ, 1901ರ ಅಕ್ಟೋಬರಿನಲ್ಲಿ ಐಲ್ಸ್‌ಬರಿಯಲ್ಲಿ ನಡೆದ ಪ್ರದರ್ಶನದಲ್ಲಿ ಇಲಿಗಳಿಗೂ ಅವಕಾಶ ದೊರೆಯುವಂತೆ ಮಾಡಿದಳು. ಆಕೆಯ ಕಪ್ಪು ಬಿಳುಪಿನ ಇಲಿಯೇ ಅಲ್ಲಿ ಬಹುಮಾನ ಗೆದ್ದಿತು. 1921ರಲ್ಲಿ ಆಕೆ ತೀರಿಕೊಂಡ ಮೇಲೆ ಈ ಹವ್ಯಾಸ ಸೊರಗಿತು. 1976ರಲ್ಲಿ ಇಂಗ್ಲೆಂಡಿನಲ್ಲಿ ನ್ಯಾಷನಲ್ ಫ್ಯಾನ್ಸಿ ರ‍್ಯಾಟ್ ಸೊಸೈಟಿ ಸ್ಥಾಪನೆಯಾದಾಗ ಅದು ಮತ್ತೆ ಚಿಗುರಿತು. ಇತ್ತ 20ನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿರುವ ವಿಸ್ಟಾರ್ ಸಂಸ್ಥೆಯು ಸಂಶೋಧನೆಗಾಗಿ ಬಿಳಿ ಇಲಿಯ ತಳಿಯೊಂದನ್ನು ರೂಪಿಸಿತು.

ದೇಹರಚನೆ ಮತ್ತು ಇಂದ್ರಿಯಗಳು

ಬೆಳೆದ ಗಂಡು ಇಲಿ ಸುಮಾರು 450ರಿಂದ 650 ಗ್ರಾಂ, ಹೆಣ್ಣು 350ರಿಂದ 450 ಗ್ರಾಂ ತೂಗುತ್ತದೆ. ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಕಡಿಯುವುದು ಅದಕ್ಕೆ ಚಟವಲ್ಲ, ಆವಶ್ಯಕತೆ. ಇಲಿಗೆ ಪಿತ್ತಕೋಶವಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಇಲಿ ವಾಂತಿ ಮಾಡಲಾರದು. ನುಂಗಿದ ವಿಷವನ್ನಾಗಲಿ ಗಂಟಲಿಗೆ ಅಂಟಿದ ತಿನಿಸನ್ನಾಗಲಿ ಹೊರಹಾಕುವ ಉಪಾಯ ಅದಕ್ಕಿಲ್ಲ. ಹೊಸ ಆಹಾರವನ್ನು ಕಂಡಾಗ ಚೂರೇ ಚೂರು ತಿಂದು ಕಾದು ನೋಡುವ ಇಲಿಯ ಎಚ್ಚರಕ್ಕೆ ಇದೇ ಕಾರಣವೆಂದು ಭಾವಿಸಲಾಗಿದೆ.

ಇಲಿಯ ದೃಷ್ಟಿ ಮಂದ. ಕೆಂಪುಗಣ್ಣಿನ ಬಿಳಿ ಇಲಿಗಳದು ಇನ್ನೂ ಮಂದ. ಅವು ದೂರವನ್ನು ಅಳೆಯಲು ತಲೆಯನ್ನು ಅತ್ತಿತ್ತ ತೂಗುವುದುಂಟು, ಇದನ್ನು ರೋಗವೆಂದು ತಿಳಿಯಬಾರದು. ಈ ಕೊರತೆಯನ್ನು ಮೂಗು, ಮೀಸೆ ಮತ್ತು ಕಿವಿಗಳು ತುಂಬಿಕೊಡುತ್ತವೆ. ಮನುಷ್ಯನಿಗೆ ಕೇಳಿಸದ ಎತ್ತರದ ಧ್ವನಿಗಳಲ್ಲಿ ಇಲಿಗಳು ಮಾತಾಡಿಕೊಳ್ಳುತ್ತವೆ. ಆಟವಾಡುವಾಗಲೂ ಕಚಗುಳಿಯಿಟ್ಟಾಗಲೂ ಸುಮಾರು 50 ಕಿಲೋಹರ್ಟ್ಸ್‌ನ ಚಿಲಿಪಿಲಿ, ಭಯಗೊಂಡಾಗ ಸುಮಾರು 22 ಕಿಲೋಹರ್ಟ್ಸ್‌ನ ದೀರ್ಘ ಕೂಗು ಹೊರಡುತ್ತದೆ. ಮೊದಲನೆಯದನ್ನು ನರವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ನಗುವಿಗೆ ಹೋಲಿಸಿದ.

ಬಾಲವು ಸಮತೋಲಕ್ಕೆ ನೆರವಾಗುವುದಲ್ಲದೆ ಮೈಯ ಶಾಖವನ್ನು ಹೊರಬಿಡುವ ಅಂಗವೂ ಹೌದು. ಇಲಿಯನ್ನು ಬಾಲ ಹಿಡಿದು ಎತ್ತಬಾರದು. ಬಾಲದ ಚರ್ಮ ಕವಚದಂತೆ ಕಳಚಿಬರುವ ಅಪಾಯವಿದೆ, ಕಳಚಿದ ಚರ್ಮ ಮತ್ತೆ ಬೆಳೆಯುವುದಿಲ್ಲ.

ಬಗೆಗಳು

ಬಣ್ಣ, ಮಚ್ಚೆ, ತುಪ್ಪಳ ಮತ್ತು ಕಿವಿಯ ಆಕಾರವನ್ನು ಅನುಸರಿಸಿ ಅನೇಕ ಬಗೆಗಳನ್ನು ಗುರುತಿಸುವರು. ಕಾಡು ಇಲಿಯ ಕಂದು ಬಣ್ಣದ ಅಗೌಟಿ, ತಲೆ ಹೆಗಲುಗಳಿಗೆ ಮುಸುಕು ಹಾಕಿದಂತೆ ಕಾಣುವ ಹುಡೆಡ್, ಗುಂಗುರು ತುಪ್ಪಳದ ರೆಕ್ಸ್, ಕಿವಿ ಅಗಲವಾಗಿ ಪಕ್ಕಕ್ಕಿರುವ ಡಂಬೊ, ತುಪ್ಪಳವಿಲ್ಲದ ಇಲಿ, ಬಾಲವಿಲ್ಲದ ಮ್ಯಾಂಕ್ಸ್ ಇವು ಕೆಲವು. ಕೊನೆಯ ಎರಡು ಬಗೆಗಳ ವಿಷಯದಲ್ಲಿ ಸಾಕುವವರಲ್ಲಿಯೇ ಭಿನ್ನಾಭಿಪ್ರಾಯವಿದೆ. ತುಪ್ಪಳವಿಲ್ಲದ ಇಲಿ ಮೈಯ ಶಾಖವನ್ನು ಉಳಿಸಿಕೊಳ್ಳಲು ಕಷ್ಟಪಡುತ್ತದೆ, ಬಾಲವಿಲ್ಲದ್ದು ಶಾಖವನ್ನು ಹೊರಬಿಡಲು ಕಷ್ಟಪಡುತ್ತದೆ. ನೋಟದ ಹೊಸತನಕ್ಕಾಗಿ ಪ್ರಾಣಿಯ ದೇಹಸೌಖ್ಯವನ್ನು ತೆರುವುದು ಸಮರ್ಥನೀಯವಲ್ಲವೆಂಬ ವಾದದಲ್ಲಿ ಹುರುಳಿದೆ.

ಜೊತೆ

ಇಲಿಯನ್ನು ಒಂಟಿಯಾಗಿ ಸಾಕಬಾರದು. ಮನುಷ್ಯ ಎಷ್ಟೇ ಹೊತ್ತು ಜೊತೆಗಿದ್ದರೂ ಇನ್ನೊಂದು ಇಲಿಯ ಸ್ಥಾನವನ್ನು ತುಂಬಲಾರ. ಇಲಿಗಳು ಒಂದರ ಮೈಯನ್ನೊಂದು ನೆಕ್ಕಿ ಶುಚಿಗೊಳಿಸುತ್ತವೆ, ಒಂದರ ಮೇಲೊಂದು ಬಿದ್ದು ನಿದ್ರಿಸುತ್ತವೆ, ಹುಸಿಗುದ್ದಾಟ ಆಡುತ್ತವೆ. 2011ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಕೊಳವೆಯಲ್ಲಿ ಸಿಕ್ಕಿಬಿದ್ದ ಸಂಗಾತಿಯನ್ನು ಇಲಿಗಳು ಬಾಗಿಲು ತೆರೆದು ಬಿಡಿಸಿದವು. ಪಕ್ಕದಲ್ಲಿಯೇ ಚಾಕೊಲೇಟ್ ತುಣುಕುಗಳನ್ನು ಇಟ್ಟಿದ್ದಾಗಲೂ ಸಂಗಾತಿಯನ್ನು ಬಿಡಿಸಿ, ಅನೇಕ ಬಾರಿ ಅದಕ್ಕೂ ಪಾಲು ಉಳಿಸಿದವು. ಇಂಥ ಪ್ರಾಣಿಯನ್ನು ಒಂದೇ ಪಂಜರದಲ್ಲಿ ಒಂಟಿಯಾಗಿ ಇಡುವುದು ಎಂಥ ಶಿಕ್ಷೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದೇ ಲಿಂಗದ ಎರಡು ಅಥವಾ ಮೂರು ಇಲಿಗಳನ್ನು ಒಟ್ಟಿಗೆ ತರುವುದು ಉತ್ತಮ. ಒಂದೇ ಸೂಲಿನ ಒಡಹುಟ್ಟುಗಳಾದರೆ ಹೊಂದಾಣಿಕೆ ಸುಲಭ. ಹೊಸ ಇಲಿಯನ್ನು ಹಳೆಯದರ ಪಂಜರಕ್ಕೆ ನೇರವಾಗಿ ಬಿಟ್ಟರೆ ಜಗಳವಾಗುತ್ತದೆ. ಮೊದಲು ಎರಡು ಮೂರು ವಾರ ಬೇರೆ ಕೋಣೆಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಅನಂತರ ಎರಡಕ್ಕೂ ಸೇರದ ಹೊಸ ಜಾಗದಲ್ಲಿ ಸ್ವಲ್ಪಸ್ವಲ್ಪ ಹೊತ್ತು ಭೇಟಿ ಮಾಡಿಸಬೇಕು.

ವಸತಿ

ನಮ್ಮ ಮನೆಗಳಲ್ಲಿರುವ ಇಲಿಬೋನು ಹಿಡಿಯುವ ಸಾಧನವೇ ಹೊರತು ವಾಸಕ್ಕೆ ತಕ್ಕುದಲ್ಲ. ಪಕ್ಷಿಗಳಿಗಾಗಿ ಮಾರುವ ಚಿಕ್ಕ ಪಂಜರವೂ ಸಾಲದು. ಇಲಿ ಓಡುವುದಕ್ಕಿಂತ ಹೆಚ್ಚಾಗಿ ಏರುತ್ತದೆ. ಆದುದರಿಂದ ಎರಡು ಮೂರು ಅಂತಸ್ತುಗಳಿರುವ ತಂತಿಯ ಪಂಜರ ಶ್ರೇಷ್ಠ. ತಂತಿಗಳ ನಡುವಣ ಅಂತರ ಬೆಳೆದ ಇಲಿಗೆ 2.5 ಸೆಂಟಿಮೀಟರನ್ನು ಮೀರಬಾರದು, ಮರಿಗಳಿಗೆ 1.2 ಸೆಂಟಿಮೀಟರಿನಷ್ಟು ಇರಬೇಕು. ತಲೆ ತೂರಿದಲ್ಲಿ ಮೈಯೂ ತೂರುತ್ತದೆ. ನೆಲ ಮತ್ತು ಮೆಟ್ಟಿಲುಗಳು ಬರಿಯ ತಂತಿಯಾಗಿದ್ದರೆ ಅಂಗಾಲಿನಲ್ಲಿ ಹುಣ್ಣಾಗುತ್ತದೆ, ಅವನ್ನು ಹಲಗೆ ಅಥವಾ ಬಟ್ಟೆಯಿಂದ ಮುಚ್ಚಬೇಕು. ಮೀನಿನ ಗಾಜಿನ ತೊಟ್ಟಿ ನೋಡಲು ಅಂದವಾದರೂ ಅದರಲ್ಲಿ ಗಾಳಿಯಾಡುವುದಿಲ್ಲ; ಮೂತ್ರದಿಂದ ಹುಟ್ಟುವ ಅಮೋನಿಯ ತಳದಲ್ಲಿಯೇ ನಿಂತು ಶ್ವಾಸಕೋಶವನ್ನು ಕೆಡಿಸುತ್ತದೆ.

ಹಾಸಿನ ಆಯ್ಕೆಯಲ್ಲಿಯೂ ಶ್ವಾಸಕೋಶದ ಚಿಂತೆಯೇ ಮೊದಲು. ಪೈನ್, ಸೀಡರ್ ಮುಂತಾದ ಮರಗಳ ಹಸಿ ಚಕ್ಕೆಯಿಂದ ಹೊರಡುವ ಸುವಾಸನೆಯ ದ್ರವ್ಯಗಳು ಇಲಿಗೆ ಹಾನಿಕರ. ಮರಗೆಲಸದ ಅಂಗಡಿಯ ಗರಗಸದ ಹೊಟ್ಟಿನಲ್ಲಿ ಧೂಳು ಬಹಳ, ಯಾವ ಮರದ್ದೆಂಬ ಖಾತರಿಯೂ ಇರುವುದಿಲ್ಲ. ಕಾಗದದ ಚೂರು, ಧೂಳು ತೆಗೆದ ಕಾಗದದ ಗುಳಿಗೆ, ಹಳೆಯ ಹತ್ತಿ ಬಟ್ಟೆ ಇವು ನಿರಪಾಯ. ಬಟ್ಟೆಯಲ್ಲಿ ಬಿಡಿ ಎಳೆಗಳಿದ್ದರೆ ಕತ್ತರಿಸಿ ಹಾಕಬೇಕು; ಎಳೆ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಂತುಹೋಗಬಹುದು. ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆ, ಮಲಗಲು ನಾಲ್ಕು ಮೂಲೆಗೆ ಕಟ್ಟಿದ ಬಟ್ಟೆಯ ಜೋಲಿ, ಕಡಿಯಲು ವಿಷವಿಲ್ಲದ ಮರದ ತುಂಡು ಇರಬೇಕು. ಓಡುವ ಚಕ್ರವನ್ನು ಇಡುವುದಾದರೆ ಅದರ ವ್ಯಾಸ 30 ಸೆಂಟಿಮೀಟರಿಗೆ ಕಡಮೆಯಿರಬಾರದು ಮತ್ತು ಮೇಲ್ಮೈ ಸಂದಿಗಳಿಲ್ಲದೆ ಗಟ್ಟಿಯಾಗಿರಬೇಕು.

ಪಂಜರವನ್ನು ಬಿಸಿಲು ನೇರವಾಗಿ ಬೀಳದ, ಅಡುಗೆಯ ಹೊಗೆ ಮತ್ತು ಊದುಬತ್ತಿಯ ಹೊಗೆ ತಲಪದ ಕಡೆ ಇಡಬೇಕು. ಒದ್ದೆಯಾದ ಹಾಸನ್ನು ದಿನವೂ ತೆಗೆದು, ವಾರಕ್ಕೊಮ್ಮೆ ಪಂಜರವನ್ನು ತೊಳೆಯುವುದು ವಾಡಿಕೆ. ಆದರೆ ಎಲ್ಲವನ್ನೂ ಒಮ್ಮೆಲೇ ಬದಲಿಸುವುದು ಸರಿಯಲ್ಲ. ತನ್ನ ವಾಸನೆ ಪೂರ್ತಿ ಅಳಿದುಹೋದ ಮನೆಯಲ್ಲಿ ಇಲಿ ಕಳವಳಗೊಂಡು ಮತ್ತಷ್ಟು ಮೂತ್ರ ಸಿಂಪಡಿಸುತ್ತದೆ. ಹಳೆಯ ಹಾಸಿನ ಒಂದು ಹಿಡಿಯನ್ನು ಉಳಿಸಿ ಹೊಸದರೊಡನೆ ಸೇರಿಸಿದರೆ ಈ ತೊಂದರೆ ತಪ್ಪುತ್ತದೆ.

ಬೇಸಗೆಯ ಎಚ್ಚರ

ಇಲಿ ಸಾಕಣೆಯ ಹೆಚ್ಚಿನ ಪುಸ್ತಕಗಳು ಶೀತದೇಶಗಳಲ್ಲಿ ರಚಿತವಾದವು. ಅವುಗಳಲ್ಲಿ ಸೆಖೆಗೆ ದೊರೆತಿರುವ ಗಮನ ನಮ್ಮ ನಾಡಿಗೆ ಸಾಲದು. ಇಲಿಗೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತಕರ. ಅದು ನಾಯಿಯಂತೆ ನಾಲಿಗೆ ಚಾಚಿ ತೇಕುವುದಿಲ್ಲ, ಮನುಷ್ಯನಂತೆ ಮೈಯೆಲ್ಲ ಬೆವರುವುದೂ ಇಲ್ಲ. ಬಾಲದ ಮೂಲಕ ಶಾಖ ಬಿಡುವುದು, ಮೈಗೆ ಎಂಜಲು ಸವರಿಕೊಳ್ಳುವುದು ಇವೇ ಅದರ ಉಪಾಯಗಳು. 30 ಡಿಗ್ರಿ ದಾಟಿದ ಮೇಲೆ ಇವು ಸೋಲತೊಡಗುತ್ತವೆ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ತಂಪಿನ ವ್ಯವಸ್ಥೆಯಿಲ್ಲದೆ ಇಲಿಯನ್ನು ಸಾಕಲು ಹೊರಡುವುದು ಸಲ್ಲದು. ಕರಾವಳಿಯಲ್ಲಿ ಉಷ್ಣಾಂಶ ಅಷ್ಟಿಲ್ಲದಿದ್ದರೂ ಗಾಳಿಯ ತೇವ ತೊಂದರೆ ಕೊಡುತ್ತದೆ.

ಪಂಜರವನ್ನು ನೆಲಮಟ್ಟದ ತಂಪು ಕೋಣೆಗೆ ಸಾಗಿಸುವುದು, ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡುವುದು, ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆಯನ್ನು ಅಡಗುದಾಣವಾಗಿ ಕೊಡುವುದು, ಅಗಲವಾದ ತಟ್ಟೆಯಲ್ಲಿ ಬೆರಳುದ್ದ ನೀರಿಟ್ಟು ಬಟಾಣಿ ಕಾಳುಗಳನ್ನು ಹಾಕುವುದು ಮೊದಲಾದವು ಉಪಯುಕ್ತ. ಇಲಿ ಮೈ ಚಾಚಿ ಮಲಗಿ ವೇಗವಾಗಿ ಉಸಿರಾಡುತ್ತಿದ್ದರೆ, ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ ಅದು ಶಾಖಾಘಾತದ ಲಕ್ಷಣ. ಆಗ ಬಾಲ ಮತ್ತು ಪಾದಗಳನ್ನು ತಣ್ಣೀರಿನಿಂದ ಒದ್ದೆ ಮಾಡಬೇಕು. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬಾರದು. ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಆಹಾರ

ಇಲಿ ಸರ್ವಭಕ್ಷಕ. ದೊಡ್ಡ ಇಲಿಯೊಂದು ದಿನಕ್ಕೆ 15ರಿಂದ 20 ಗ್ರಾಂ ಒಣ ಆಹಾರ ತಿನ್ನುತ್ತದೆ. ತೂಕದ ಪ್ರತಿ 100 ಗ್ರಾಮಿಗೆ ಸುಮಾರು 10 ಮಿಲಿಲೀಟರ್ ನೀರು ಕುಡಿಯುತ್ತದೆ. ಇಲಿಗಳಿಗಾಗಿಯೇ ತಯಾರಿಸಿದ ಗಟ್ಟಿ ಉಂಡೆಗಳು ದೊರೆತರೆ ಅವೇ ಮುಖ್ಯ ಆಹಾರವಾಗಿರಲಿ. ಕಾಳುಗಳ ಮಿಶ್ರಣವಿಟ್ಟರೆ ಇಲಿ ರುಚಿಯಾದುದನ್ನು ಆರಿಸಿ ತಿಂದು ಉಳಿದುದನ್ನು ಬಿಡುತ್ತದೆ. ಇದರ ಜೊತೆಗೆ ಬೇಯಿಸಿದ ಬೇಳೆ, ಅನ್ನ, ರಾಗಿ, ಜೋಳ, ಸೌತೆಕಾಯಿ, ಕ್ಯಾರೆಟ್, ಸೊಪ್ಪು, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ತುಣುಕು ಕೊಡಬಹುದು. ಉಪ್ಪು, ಎಣ್ಣೆ, ಒಗ್ಗರಣೆ ಸೇರಿದ ಅಡುಗೆ ಬೇಡ.

ಹಸಿ ರಾಜ್ಮಾ, ಹಸಿರು ತಿರುಗಿದ ಆಲೂಗೆಡ್ಡೆ, ಬೂಷ್ಟು ಹಿಡಿದ ಕಾಳು, ಕಾಫಿ ವರ್ಜ್ಯ. ಕಿತ್ತಳೆಯ ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ದ್ರವ್ಯ ಗಂಡು ಇಲಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಹೆಣ್ಣಿಗೆ ಈ ತೊಂದರೆಯಿಲ್ಲ. ಕಡಲೆಕಾಯಿಯ ಬೆಣ್ಣೆಯಂಥ ಅಂಟು ತಿನಿಸು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಇಲಿ ತನ್ನ ಹಿಕ್ಕೆಯನ್ನೇ ಕೆಲವೊಮ್ಮೆ ತಿನ್ನುವುದು ಸಹಜ, ಅದರಿಂದ ಅದಕ್ಕೆ ಕೆಲವು ಜೀವಸತ್ವಗಳು ದೊರೆಯುತ್ತವೆ.

ಒಡನಾಟ ಮತ್ತು ಕಲಿಕೆ

ಇಲಿ ತನ್ನ ಹೆಸರನ್ನು ಗುರುತಿಸುತ್ತದೆ, ಕರೆದರೆ ಬರುವುದನ್ನು ಕಲಿಯುತ್ತದೆ, ಒಂದು ಮೂಲೆಯ ತಟ್ಟೆಯಲ್ಲಿಯೇ ಹಿಕ್ಕೆ ಹಾಕುವುದನ್ನೂ ಕಲಿಯಬಲ್ಲದು. ಮೂತ್ರದ ವಿಷಯದಲ್ಲಿ ಅಂಥ ಶಿಸ್ತನ್ನು ನಿರೀಕ್ಷಿಸಲಾಗದು, ಅದು ಇಲಿಗೆ ಗುರುತು ಹಾಕುವ ಲಿಪಿ. 2019ರಲ್ಲಿ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಲಿಗಳಿಗೆ ಕಣ್ಣಾಮುಚ್ಚಾಲೆ ಕಲಿಸಿದರು. ಇಲಿಗಳು ಅಡಗುವ ಪಾತ್ರವನ್ನೂ ಹುಡುಕುವ ಪಾತ್ರವನ್ನೂ ಬೇರೆಬೇರೆಯಾಗಿ ನಿರ್ವಹಿಸಿದವು. ಅವುಗಳಿಗೆ ದೊರೆತ ಬಹುಮಾನ ತಿನಿಸಲ್ಲ, ಕಚಗುಳಿ.

ದಿನಕ್ಕೆ ಕನಿಷ್ಠ ಒಂದು ಗಂಟೆಯಾದರೂ ಪಂಜರದ ಹೊರಗೆ, ವಿದ್ಯುತ್ ತಂತಿಗಳಿಲ್ಲದ ಮುಚ್ಚಿದ ಕೋಣೆಯಲ್ಲಿ ಬಿಡಬೇಕು. ತೃಪ್ತವಾಗಿರುವ ಇಲಿ ಹಲ್ಲನ್ನು ಮೆಲ್ಲಗೆ ಮಸೆಯುತ್ತದೆ. ಆಗ ಕಣ್ಣುಗುಡ್ಡೆಗಳು ಒಳಹೊರಗೆ ಅದುರುವುದನ್ನು ಕಂಡು ಹೊಸಬರು ಹೆದರುವುದುಂಟು. ನೋವಿನಲ್ಲಿಯೂ ಹಲ್ಲು ಮಸೆಯುವುದರಿಂದ ಇತರ ಲಕ್ಷಣಗಳನ್ನು ಕೂಡಿಸಿ ನೋಡಬೇಕು.

ಸಂತಾನ

ಇಲಿ ಐದು ವಾರಕ್ಕೇ ಪ್ರಾಯಕ್ಕೆ ಬರಬಹುದು. ಗರ್ಭಾವಧಿ 21ರಿಂದ 23 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 12 ಮರಿಗಳು. ಹೆತ್ತ ಒಂದೆರಡು ದಿನದೊಳಗೆ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಅಂಗಡಿಯವನು ಎರಡೂ ಹೆಣ್ಣೆಂದು ಕೊಟ್ಟ ಜೋಡಿಯಲ್ಲಿ ಒಂದು ಗಂಡಾಗಿದ್ದರೆ ಕೆಲವೇ ತಿಂಗಳಲ್ಲಿ ಮನೆ ತುಂಬುತ್ತದೆ, ಅಷ್ಟು ಮರಿಗಳಿಗೆ ಆಶ್ರಯ ದೊರಕಿಸುವುದು ಸುಲಭವಲ್ಲ. ಕೊಳ್ಳುವಾಗಲೇ ಲಿಂಗವನ್ನು ಪರೀಕ್ಷಿಸಬೇಕು. ಮರಿಗಳನ್ನು ಐದನೆಯ ವಾರ ತುಂಬುವ ಮೊದಲೇ ಗಂಡು ಹೆಣ್ಣು ಬೇರ್ಪಡಿಸಬೇಕು. ಬೇಡವಾದ ಇಲಿಗಳನ್ನು ಹೊರಗೆ ಬಿಡುವುದು ಅವುಗಳಿಗೆ ಮರಣದಂಡನೆಯೇ ಸರಿ.

ರೋಗಗಳು

ಸಾಕು ಇಲಿಗಳನ್ನು ಅತಿ ಹೆಚ್ಚಾಗಿ ಕಾಡುವುದು ಉಸಿರಾಟದ ರೋಗ. ಮೈಕೊಪ್ಲಾಸ್ಮ ಪಲ್ಮೊನಿಸ್ ಎಂಬ ಬ್ಯಾಕ್ಟೀರಿಯ ಹೆಚ್ಚಿನ ಸಾಕು ಇಲಿಗಳ ದೇಹದಲ್ಲಿ ಮೊದಲೇ ಇರುತ್ತದೆ. ಧೂಳು, ಅಮೋನಿಯ, ಶೀತ, ಭೀತಿ ಇವುಗಳಲ್ಲಿ ಯಾವುದಾದರೂ ಒದಗಿದಾಗ ತಲೆಯೆತ್ತುತ್ತದೆ. ಪೂರ್ತಿ ನಿರ್ಮೂಲ ಮಾಡುವ ಔಷಧವಿಲ್ಲ, ಪ್ರತಿಜೀವಕಗಳಿಂದ ಹದ್ದಿನಲ್ಲಿಡಬಹುದು. ಸೀನು, ಗೊರಗೊರ ಸದ್ದು, ಉಸಿರಾಡುವಾಗ ಪಕ್ಕೆ ಎಳೆಯುವುದು ಇದರ ಲಕ್ಷಣಗಳು. ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಸ್ರವಿಸುವ ಪೋರ್ಫಿರಿನ್ ಎಂಬ ವರ್ಣದ್ರವ್ಯ. ಆದರೂ ಅದನ್ನು ಕಡೆಗಣಿಸಬಾರದು. ಇಲಿ ರೋಗ ಅಥವಾ ಒತ್ತಡಕ್ಕೆ ಒಳಗಾದಾಗ ಅದು ಹೆಚ್ಚುತ್ತದೆ.

ಹೆಣ್ಣು ಇಲಿಗಳಲ್ಲಿ ಸ್ತನದ ಗೆಡ್ಡೆ ಸಾಮಾನ್ಯ. ಬಹುಪಾಲು ಗೆಡ್ಡೆಗಳು ಕ್ಯಾನ್ಸರ್ ಅಲ್ಲದಿದ್ದರೂ ಬೇಗ ದೊಡ್ಡದಾಗಿ ನಡೆಯಲು ಅಡ್ಡಿಯಾಗುತ್ತವೆ. ಚಿಕ್ಕದಿರುವಾಗಲೇ ಶಸ್ತ್ರಚಿಕಿತ್ಸೆಯಿಂದ ತೆಗೆಸುವುದು ಲೇಸು. ಮುಪ್ಪಿನಲ್ಲಿ ಹಿಂಗಾಲುಗಳ ಬಲ ಕುಂದುತ್ತದೆ. ಬೇಟೆಗೆ ಗುರಿಯಾಗುವ ಪ್ರಾಣಿಯಾದುದರಿಂದ ಇಲಿ ತನ್ನ ಬೇನೆಯನ್ನು ಮರೆಮಾಚುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಮುಂದುವರಿದಿರುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಇದಕ್ಕೆ ಸರಳ ಉಪಾಯ, ತೂಕದ ಇಳಿತ ಎಲ್ಲಕ್ಕಿಂತ ಮೊದಲು ಸುಳಿವು ಕೊಡುತ್ತದೆ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡಬಾರದು. ಇಲಿಗಳಿಗೆ ಚಿಕಿತ್ಸೆ ನೀಡಿ ಅನುಭವವುಳ್ಳ ಪಶುವೈದ್ಯರು ಎಲ್ಲ ಊರುಗಳಲ್ಲಿ ದೊರೆಯುವುದಿಲ್ಲವಾದ್ದರಿಂದ, ಇಲಿಯನ್ನು ತರುವುದಕ್ಕೆ ಮೊದಲೇ ವೈದ್ಯರನ್ನು ಹುಡುಕಿಟ್ಟುಕೊಳ್ಳುವುದು ವಿವೇಕ.

ಮನುಷ್ಯರಿಗೆ ಹರಡುವ ರೋಗಗಳು

ಕರ್ನಾಟಕದಲ್ಲಿ ಇಲಿಜ್ವರವೆಂದು ಕರೆಯುವ ಲೆಪ್ಟೊಸ್ಪೈರೋಸಿಸ್ ಮಳೆಗಾಲದಲ್ಲಿ, ಮುಖ್ಯವಾಗಿ ಕರಾವಳಿ ಮಲೆನಾಡುಗಳಲ್ಲಿ, ಪರಿಚಿತ ರೋಗ. ಸೋಂಕಿರುವ ಪ್ರಾಣಿಗಳ ಮೂತ್ರ ಸೇರಿದ ನೀರು ಕೆಸರಿನಿಂದ ಅದು ಹರಡುತ್ತದೆ. ಒಳಗೇ ಬೆಳೆದ ಸಾಕು ಇಲಿಯಿಂದ ಈ ಅಪಾಯ ಕಡಮೆ. ಆದರೆ ಹೊರಗಿನ ಇಲಿಗಳು ಪಂಜರದ ಹತ್ತಿರ ಸುಳಿದಾಡಿದರೆ, ಅಥವಾ ಇಲಿಯ ಆಹಾರದ ಚೀಲದ ಮೇಲೆ ಮೂತ್ರ ಮಾಡಿದರೆ, ಸಾಕು ಇಲಿಗೂ ಸೋಂಕು ತಗಲುತ್ತದೆ. ಆಹಾರವನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಬೇಕು.

ಇಲಿ ಕಡಿತದ ಜ್ವರ ಎಂಬುದು ಬೇರೆ. ಆರೋಗ್ಯವಾಗಿ ಕಾಣುವ ಇಲಿಯ ಬಾಯಲ್ಲಿಯೂ ಇದರ ರೋಗಾಣು ಇರಬಹುದು. ಕಚ್ಚಿದ ಅಥವಾ ಪರಚಿದ ಮೂರರಿಂದ ಹತ್ತು ದಿನಗಳಲ್ಲಿ ಜ್ವರ, ಕೀಲುನೋವು, ಚರ್ಮದ ಮೇಲೆ ಗುಳ್ಳೆ ಕಾಣಿಸುತ್ತವೆ. ಪೆನಿಸಿಲಿನ್‌ನಿಂದ ಗುಣವಾಗುವ ರೋಗವಿದು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯವೂ ಉಂಟು. ಗಾಯವನ್ನು ಕೂಡಲೇ ಸಾಬೂನಿನಿಂದ ತೊಳೆದು, ಜ್ವರ ಬಂದರೆ ಮನೆಯಲ್ಲಿ ಇಲಿ ಇರುವುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. 2017ರಲ್ಲಿ ಅಮೆರಿಕ ಮತ್ತು ಕೆನಡಗಳಲ್ಲಿ ಸಾಕು ಇಲಿಗಳಿಂದ ಸೋಲ್ ವೈರಸ್ ಮನುಷ್ಯರಿಗೆ ಹರಡಿತ್ತು. ಐದು ವರ್ಷದೊಳಗಿನ ಮಕ್ಕಳೂ ರೋಗನಿರೋಧಕ ಶಕ್ತಿ ಕುಂದಿದವರೂ ಇಲಿಯಿಂದ ದೂರವಿರುವುದು ಒಳ್ಳೆಯದು.

1898ರ ಬೆಂಗಳೂರಿನ ಪ್ಲೇಗಿನ ನೆನಪು ಊರಿನ ಪ್ಲೇಗಮ್ಮನ ಗುಡಿಗಳಲ್ಲಿ ಇಂದಿಗೂ ಉಳಿದಿದೆ. ಆ ರೋಗ ಮುಖ್ಯವಾಗಿ ಕಪ್ಪು ಇಲಿಯ ಮೈಮೇಲಿನ ಚಿಗಟಗಳಿಂದ ಹರಡಿದ್ದು. ಹಾಗಿದ್ದರೂ ಮನೆಯ ಹಿರಿಯರು ಇಲಿಯನ್ನು ಕಂಡು ಹಿಂಜರಿದರೆ ಅದನ್ನು ಬರಿಯ ಮೂಢಭೀತಿಯೆಂದು ತಳ್ಳಿಹಾಕುವಂತಿಲ್ಲ.

ಕಾನೂನು

ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ 2018ರಲ್ಲಿ ಹೊರಡಿಸಿದ ಸಾಕುಪ್ರಾಣಿ ಅಂಗಡಿಗಳ ನಿಯಮಗಳು ಇಲಿಗಳ ಮಾರಾಟಕ್ಕೂ ಅನ್ವಯಿಸುತ್ತವೆ. ಕೆನಡದ ಆಲ್ಬರ್ಟ ಪ್ರಾಂತ 1950ರ ದಶಕದಿಂದ ಇಲಿ ನಿರ್ಮೂಲನೆಯ ಕಾರ್ಯಕ್ರಮವನ್ನು ನಡೆಸುತ್ತಿದ್ದು, ಅಲ್ಲಿ ಖಾಸಗಿಯಾಗಿ ಇಲಿಯನ್ನು ಸಾಕುವುದು ಅಪರಾಧ.

ಸಂಸ್ಕೃತಿಯಲ್ಲಿ

ಗಣಪತಿಯ ವಾಹನವಾದ ಮೂಷಿಕ, ರಾಜಸ್ಥಾನದ ದೇಶನೋಕದ ಕರಣಿಮಾತಾ ದೇವಾಲಯದಲ್ಲಿ ಭಕ್ತರು ಹಾಲೆರೆಯುವ ಇಲಿಗಳು ಭಾರತೀಯರಿಗೆ ಚಿರಪರಿಚಿತ. ದೇಶನೋಕದ ಇಲಿಗಳು ಕಪ್ಪು ಇಲಿಗಳು. ಅವು ಸಾಕು ಇಲಿಗಳಲ್ಲ. ನೆಲಬಾಂಬು ಪತ್ತೆಹಚ್ಚಿ 2020ರಲ್ಲಿ ಬ್ರಿಟನ್ನಿನ ಪದಕ ಪಡೆದ ಮಗಾವ ಕೂಡ ಆಫ್ರಿಕದ ದೈತ್ಯ ಚೀಲದಿಲಿ ಎಂಬ ಬೇರೆ ಪ್ರಾಣಿ. ಮಕ್ಕಳ ಸಾಹಿತಿ ಬಿಯಾಟ್ರಿಕ್ಸ್ ಪಾಟರ್ ಬಿಳಿ ಇಲಿಯೊಂದನ್ನು ಸಾಕಿದ್ದಳು. 1908ರಲ್ಲಿ ಪ್ರಕಟವಾದ, ಸ್ಯಾಮ್ಯುಯೆಲ್ ವಿಸ್ಕರ್ಸ್ ಎಂಬ ಇಲಿಯ ಕಥೆಯನ್ನು ಸ್ಯಾಮಿ ಎಂಬ ಆ ಇಲಿಯ ನೆನಪಿಗೆ ಅರ್ಪಿಸಿದಳು. 2007ರ ‘ರ‍್ಯಾಟಟೂಯಿ’ ಚಲನಚಿತ್ರದಲ್ಲಿ ಪ್ಯಾರಿಸ್ಸಿನ ಇಲಿಯೊಂದು ಅಡುಗೆಯವನಾಗುತ್ತದೆ.